ಮಾವನ ಮನೆಯಿಂದ ದೂರದ ಮನೆ

ಗೋಕಾಕದ ಒಂದು ಖಾಸಗಿ ಆಸ್ಪತ್ರೆಯ ಔಷಧಿ ಅಂಗಡಿಯಲ್ಲಿ ಕೆಲಸ ಸಿಕ್ಕಿತು ಎಂದು ಯಮಕನಮರಡಿಯ ನಮ್ಮ ಮನೆಯಲ್ಲಿ ಹೇಳಿದ ದಿನ ಅವ್ವ ದೇವರ ಮುಂದೆ ಸಕ್ಕರೆ ಇಟ್ಟಳು. ಅಣ್ಣ ಅದರಲ್ಲಿ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು, "ಇರೂದೆಲ್ಲಿ ಮತ್ತ?" ಎಂದು ಕೇಳಿ ನಕ್ಕ. ನನ್ನ ಹೆಂಡತಿಯ ತವರು ಗೋಕಾಕವೇ. ಅವನು ನಕ್ಕಿದ್ದು ಅದಕ್ಕೆ.

ಅಲ್ಲಿಯವರೆಗೆ ನಾನು ನಮ್ಮೂರಿನಲ್ಲೇ ಹೆದ್ದಾರಿ ಬದಿಯ ಮೆಡಿಕಲ್ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಮಧ್ಯಾಹ್ನ ಮನೆಗೆ ಬಂದು ಉಂಡು, ಹತ್ತು ನಿಮಿಷ ಅಡ್ಡಾಗಿ, ಮತ್ತೆ ಹೋಗುತ್ತಿದ್ದೆ. ಗೋಕಾಕಕ್ಕೆ ದಿನಾ ಹೋಗಿಬರುವುದು ಆಗದ ಮಾತು. ಹುಕ್ಕೇರಿಯಲ್ಲಿ ಬಸ್ಸು ಬದಲಿಸಬೇಕು. ಬೆಳಗಿನ ಪಾಳಿಗೆ ಮುಟ್ಟಿಸುವ ಬಸ್ಸೇ ಇಲ್ಲ. ಹೆಂಡತಿಯನ್ನೂ ಚಿಕ್ಕ ಮಗಳನ್ನೂ ಕರೆದುಕೊಂಡು ಹೋಗಿ ಅಲ್ಲೇ ಸಂಸಾರ ಹೂಡಬೇಕಿತ್ತು.

ಸುದ್ದಿ ತಿಳಿದ ಸಂಜೆಯೇ ಮಾವ ಫೋನ್ ಮಾಡಿದರು. ನೂಲಿನ ಗಿರಣಿಯಲ್ಲಿ ದುಡಿದು ನಿವೃತ್ತರಾದವರು, ಮಾತು ಕಡಿಮೆ. ಅತ್ತೆ ಮತ್ತು ಮಗನೊಂದಿಗೆ ಊರಿನ ಎತ್ತರದ ಕಡೆ ಸ್ವಂತ ಮನೆಯಲ್ಲಿದ್ದರು.

"ಅಳ್ಯಾರ, ಮ್ಯಾಲಿನ ಖೋಲಿ ಖಾಲಿ ಐತ್ರಿ. ಬ್ಯಾರೆ ಒಲಿ ಹೂಡ್ಕೊಂಡು ಬ್ಯಾರೇನ ಇರ್ರಿ ಬೇಕಾರ. ಕೂಸು ನಮ್ಮ ಕಣ್ಣಮುಂದ ಇರ್ತೈತಿ."

"ನೋಡೂಣ್ರಿ ಮಾವಾರ," ಎಂದೆ. ನಮ್ಮ ಕಡೆ 'ನೋಡೋಣ' ಎಂದರೆ ಇಲ್ಲ ಎಂದೇ. ಅದು ಅವರಿಗೂ ತಿಳಿಯಿತು. ಮತ್ತೆ ಆ ಮಾತು ಎತ್ತಲಿಲ್ಲ.

ನಾನು ಯಾಕೆ ಹಾಗೆ ಹೇಳಿದೆ ಎಂಬುದಕ್ಕೆ ನಮ್ಮ ಕಾಕಾನ ವಿಷಯ ಹೇಳಬೇಕು. ಅಪ್ಪನ ತಮ್ಮ ಅವನು. ಮದುವೆಯಾದ ಮೇಲೆ ಕಲ್ಲೋಳಿಯಲ್ಲಿ ಹೆಂಡತಿಯ ಮನೆಯಲ್ಲೇ ನೆಲೆಸಿ ಅವರ ಹೊಲ ನೋಡಿಕೊಂಡಿದ್ದ. ನಮ್ಮೂರಿಗೆ ಮದುವೆ ಮುಂಜಿಗೆ ಬಂದರೆ ಯಾರಾದರೊಬ್ಬರು ಪಂದಲಿನ ಬಾಯಲ್ಲೇ ಕೂಗುತ್ತಿದ್ದರು: "ಕಲ್ಲೋಳಿ ಮನಿ ಅಳ್ಯಾ ಬಂದ್ರಪಾ, ಹೆಂಡತಿ ಪರವಾನಿಗಿ ತಗೊಂಡು ಬಂದಾನೋ ಇಲ್ಲೋ ಕೇಳ್ರಿ!" ಕಾಕಾ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ. ಒಮ್ಮೆ ಊಟದ ನಂತರ ಪಂದಲಿನ ಹಿಂದೆ ಅವನು ಕೈ ತೊಳೆಯುವುದನ್ನು ನೋಡಿದ್ದೆ. ಅಲ್ಲಿ ಯಾರೂ ಇರಲಿಲ್ಲ. ಕೈ ತೊಳೆದಾದ ಮೇಲೂ ಅವನು ಗೋಡೆ ನೋಡುತ್ತ ಬಹಳ ಹೊತ್ತು ಹಾಗೇ ನಿಂತಿದ್ದ. ಆ ಮುಖ ನನ್ನದಾಗಬಾರದು ಎಂದು ನನಗೆ ಯಾವಾಗಲೋ ಮನಸ್ಸಿನಲ್ಲಿ ಕೂತುಬಿಟ್ಟಿತ್ತು.

ಒಂದು ರವಿವಾರ ಹೋಗಿ ಮನೆ ಹುಡುಕಿದೆ. ಮಾವನ ಮನೆಗೆ ಹೋಗದೆ, ಬಂದಿದ್ದೇನೆಂದೂ ಹೇಳದೆ, ಬಸ್ ಸ್ಟ್ಯಾಂಡಿನಿಂದ ನೇರ ಓಣಿಗಳಿಗೆ ಇಳಿದೆ. ಒಂದು ಕಡೆ ನೀರು ವಾರಕ್ಕೊಮ್ಮೆ ಬರುತ್ತಿತ್ತು. ಇನ್ನೊಂದು ಕಡೆ ಮಾಲೀಕರು, "ಸಣ್ಣ ಹುಡುಗರು ಗೋಡಿ ಮ್ಯಾಲ ಗೀಚ್ತಾವ್ರಿ, ಬ್ಯಾಡ," ಎಂದರು. ಆಸ್ಪತ್ರೆಗೆ ಹತ್ತಿರದಲ್ಲೇ, ಗಾಳಿ ಬೆಳಕು ಇದ್ದ ಒಂದು ಒಳ್ಳೆಯ ಮನೆ ಸಿಕ್ಕಿತ್ತು. ಅಲ್ಲಿಂದ ಮಾವನ ಓಣಿ ಎಷ್ಟು ದೂರ ಎಂದು ಕೇಳಿದಾಗ ಮಾಲೀಕರು ಕೈ ಮಾಡಿ ತೋರಿಸಿದರು. ಆ ಓಣಿಯ ಬೇವಿನ ಮರ ಕಾಣುತ್ತಿತ್ತು. ಅಲ್ಲಿಂದ ಹೊರಟುಬಿಟ್ಟೆ.

ಕೊನೆಗೆ ಒಪ್ಪಿದ್ದು ಹೊಳೆಯ ಕಡೆಗೆ ಇಳಿಯುವ ಓಣಿಯ ಹಳೆಯ ಕಲ್ಲಿನ ಮನೆಯನ್ನು. ಎರಡು ಖೋಲಿ, ಕರಿಕಲ್ಲಿನ ನೆಲ, ಹಿತ್ತಲಿನಲ್ಲಿ ಒಂದು ಪೇರಲ ಗಿಡ. ಬಾಜೂದ ಖೋಲಿಯಲ್ಲಿ ಮಾಲೀಕಳಾದ ಅಜ್ಜಿ ಒಬ್ಬಳೇ ಇದ್ದಳು. ಒಳಗಿನ ಗೋಡೆಯಲ್ಲಿ, ಸುಣ್ಣದ ಕೆಳಗೆ, ನನ್ನ ಎದೆಯ ಮಟ್ಟಕ್ಕೆ ಒಂದು ಕಂದು ಗೆರೆ ಉದ್ದಕ್ಕೂ ಕಾಣುತ್ತಿತ್ತು.

"ಇದೇನಬೇ?" ಎಂದೆ.

"ಹೊಳಿ ಬಂದಿತ್ತಪಾ. ಸುಳ್ಳ್ಯಾಕ ಹೇಳ್ಲಿ? ವರ್ಷಾ ಬರಂಗಿಲ್ಲ, ಬಂದ್ರ ಮಾತ್ರ ಒಳಗ ಬರ್ತೈತಿ. ವಿಚಾರ ಮಾಡಿ ಹೇಳು."

ವಿಚಾರ ಮಾಡಲಿಲ್ಲ. ಮಾವನ ಮನೆ ಊರಿನ ಆ ತುದಿಗಿತ್ತು, ಇದು ಈ ತುದಿಗಿತ್ತು. ಅಷ್ಟು ಸಾಕಿತ್ತು ನನಗೆ.

ಸಾಮಾನು ಇಳಿಸಿದ ದಿನ ಹೆಂಡತಿ ಮೊದಲು ನೋಡಿದ್ದೇ ಆ ಗೆರೆಯನ್ನು. ಅವಳು ಈ ಊರಲ್ಲೇ ಹುಟ್ಟಿ ಬೆಳೆದವಳು. "ಇಲ್ಲಿ ಹೊಳಿ ಬರ್ತೈತಿ," ಎಂದಳು. "ಈ ಸಲ ಮಳಿ ಕಡಿಮಿ ಅಂತಾರ," ಎಂದೆ. ಅವಳು ಜೋಳ, ಬೇಳೆ, ಮಗಳ ಬಟ್ಟೆ ಎಲ್ಲವನ್ನೂ ಸ್ಟೂಲ್ ಹತ್ತಿ ಮೇಲಿನ ನಾಗೊಂದಿಗೆಯಲ್ಲೇ ಇಟ್ಟಳು. ದಿನಾ ಬೇಕಾಗುವ ಸಾಮಾನಿಗೂ ದಿನಾ ಸ್ಟೂಲ್ ಹತ್ತುತ್ತಿದ್ದಳು. ನಾನು ಅದನ್ನು ನೋಡಿಯೂ ನೋಡದವನಂತೆ ಇರುತ್ತಿದ್ದೆ.

ಮಾವ ಒಂದು ಚೀಲ ಜೋಳ ಹೊತ್ತುಕೊಂಡು ಬಂದರು. ಕೂತರು. ಅವರ ಕಣ್ಣು ಗೋಡೆಯ ಗೆರೆಯ ಮೇಲೆ ಹೋಗಿ, ಅಲ್ಲಿಂದ ನೆಲಕ್ಕೆ ಬಂತು. "ತಂಪ ಐತ್ರಿ ಮನಿ," ಎಂದಷ್ಟೇ ಹೇಳಿ ಚಹಾ ಕುಡಿದು ಹೋದರು.

ಆ ವರ್ಷ ಗೋಕಾಕದಲ್ಲಿ ಮಳೆ ನಿಜವಾಗಿಯೂ ಹೆಚ್ಚಿಗೆ ಆಗಲಿಲ್ಲ. ಮಳೆ ಆದದ್ದು ಮೇಲೆ, ಘಟ್ಟದಲ್ಲಿ. ಶ್ರಾವಣಕ್ಕೆ ಇನ್ನೂ ಸ್ವಲ್ಪ ದಿನ ಇರುವಾಗ ಒಂದು ಬೆಳಿಗ್ಗೆ, ನಾನು ಔಷಧಿ ಕೊಡುತ್ತಿದ್ದಾಗ, ಮೈಕು ಕಟ್ಟಿಕೊಂಡ ಆಟೋ ಆಸ್ಪತ್ರೆಯ ಮುಂದೆ ಹಾದುಹೋಯಿತು: ಡ್ಯಾಮಿನಿಂದ ನೀರು ಬಿಟ್ಟಿದೆ, ಹೊಳೆ ದಂಡೆಯವರು ಮನೆ ಬಿಡಬೇಕು. ಅಷ್ಟರಲ್ಲಿ ಹೆಂಡತಿಯ ಫೋನು ಬಂತು.

"ನೀರು ಓಣಿ ಬಾಯಿಗೆ ಬಂದೈತ್ರಿ."

"ನಾ ಬರ್ತೇನಿ. ನಿಮ್ಮ ಮನಿಗೆ ಫೋನ್ ಮಾಡಬ್ಯಾಡ," ಎಂದೆ.

"ಮಾಡಂಗಿಲ್ಲ," ಎಂದಳು.

ನಾನು ಓಡಿಹೋದಾಗ ಓಣಿಯ ತುದಿಯಲ್ಲಿ ನನ್ನ ಹೆಂಡತಿಯ ತಮ್ಮನ ಟೆಂಪೋ ಆಗಲೇ ನಿಂತಿತ್ತು. ಅವನು ಅದರಲ್ಲಿ ದಿನಾ ಮಾರ್ಕೆಟ್ಟಿಗೆ ಕಾಯಿಪಲ್ಲೆ ಹೇರುತ್ತಾನೆ. ಒಳಗೆ ಕೊತ್ತಂಬರಿಯ ವಾಸನೆ ಇತ್ತು. ಮಗಳು ಗಾದಿಯ ಮೇಲೆ ಕೂತು ಜಾತ್ರೆಗೆ ಹೊರಟವಳಂತೆ ಕೈ ಬೀಸುತ್ತಿದ್ದಳು. ಮಾವ ಧೋತರ ಮೇಲೆತ್ತಿ ಕಟ್ಟಿ, ಮೊಣಕಾಲು ಮಟ್ಟದ ಕೆಂಪು ನೀರಿನಲ್ಲಿ ನಮ್ಮ ಟ್ರಂಕನ್ನು ತಲೆಯ ಮೇಲೆ ಹೊತ್ತು ಬರುತ್ತಿದ್ದರು.

ನನ್ನನ್ನು ಕಂಡು, ನಾನು ಕೇಳುವ ಮೊದಲೇ ಹೇಳಿದರು: "ಆಕಿ ಫೋನ್ ಮಾಡಿಲ್ರಿ. ನಾವ ಹೊಳಿ ನೋಡಾಕ ಬಂದಿದ್ದಿವಿ."

ಹೊಳೆ ನೋಡಲು ಟೆಂಪೋ ತೆಗೆದುಕೊಂಡು ಯಾರೂ ಬರುವುದಿಲ್ಲ. ಅವರ ತಲೆಯಿಂದ ಟ್ರಂಕು ಇಳಿಸಿಕೊಳ್ಳಲು ಕೈ ಚಾಚಿದೆ. "ಇರ್ಲ್ರಿ, ನೀವು ಅಜ್ಜೀನ ಕರ್ಕೊಂಡು ಬರ್ರಿ," ಎಂದರು. ಅಜ್ಜಿ ಕಟ್ಟೆಯ ಮೇಲೆ ಗಂಟು ಕಟ್ಟಿಕೊಂಡು ತಯಾರಾಗಿ ಕೂತಿದ್ದಳು. ಮೂಡಲಗಿಯಿಂದ ಅವಳ ಅಳಿಯ ಬರುತ್ತಿದ್ದನಂತೆ. "ನನ್ನ ಅಳ್ಯಾ ಗಾಡಿ ತರಾಕತ್ತಾನ, ಹೊಳಿ ಇಳಿಯೂತನಕ ಮಗಳ ಮನ್ಯಾಗ ಆರಾಮ ಇರ್ತೇನಿ," ಎಂದು ಓಣಿಯವರಿಗೆಲ್ಲ ಕೇಳುವಂತೆ ಹೇಳುತ್ತಿದ್ದಳು. ಅದನ್ನು ಹೇಳುವಾಗ ಅವಳಿಗೆ ಇದ್ದ ಜಂಬ ನೋಡಿ ನನಗೆ ಆಶ್ಚರ್ಯವಾಯಿತು.

ಟೆಂಪೋದ ಹಿಂದೆ ಸ್ಟೀಲಿನ ರ್‍ಯಾಕು ಹಿಡಿದುಕೊಂಡು ನಿಂತೆ. ಕಸಬರಿಗೆ, ಬಕೀಟು, ಅರ್ಧ ಒದ್ದೆಯಾದ ಅಕ್ಕಿ ಚೀಲ, ಎಲ್ಲ ಕಾಣುವಂತೆಯೇ ಊರ ನಡುವಿನ ರಸ್ತೆಯಲ್ಲಿ ಹೊರಟೆವು. ತಿಂಗಳಿಗೊಮ್ಮೆ ಬಿಪಿ ಗುಳಿಗೆ ಒಯ್ಯುವ ಒಬ್ಬರು ಗುರುತು ಹಿಡಿದು ಕೈ ಎತ್ತಿದರು. ನಾನು ರ್‍ಯಾಕಿನ ಆ ಕಡೆಗೆ ಮುಖ ತಿರುಗಿಸಿದೆ. ಮಾವನ ಓಣಿಯಲ್ಲಿ ಹೆಂಗಸರು ಬಾಗಿಲಿಗೆ ಬಂದು ನಿಂತಿದ್ದರು. "ಮಗಳು ಅಳ್ಯಾ ಬಂದ್ರೇನಬೇ? ಚೊಲೋ ಆತು ಬಿಡು," ಎಂದು ಒಬ್ಬರು ಅತ್ತೆಗೆ ಹೇಳಿದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ನನಗೆ ಮಾತ್ರ ಪಂದಲಿನ ಬಾಯಲ್ಲಿ ನಿಂತ ಹಾಗೆ ಅನಿಸಿತು.

ಅತ್ತೆ ತಂಬಿಗೆಯಲ್ಲಿ ನೀರು ತಂದು ಕೊಟ್ಟರು, ಅಳಿಯ ಬಂದಾಗ ಕೊಡುವ ಹಾಗೆಯೇ. ಕಾಲ ಮೇಲಿನ ಹೊಳೆಯ ರಾಡಿ ಒಂದು ತಂಬಿಗೆಗೆ ಹೋಗಲಿಲ್ಲ. ಇನ್ನೊಂದು ತಂದರು, ಮತ್ತೊಂದು ತಂದರು. ಅಂಗಳವೆಲ್ಲ ಕೆಂಪಾಯಿತು. ನಾನು ತಲೆ ಎತ್ತಲಿಲ್ಲ.

ಆ ಮನೆಯಲ್ಲಿ ನನಗೆ ಯಾರೂ ಒಂದು ಕೆಟ್ಟ ಮಾತು ಆಡಲಿಲ್ಲ. ಕಷ್ಟವಾದದ್ದೇ ಅದು. ಮೊದಲ ತಾಟು ನನಗೆ, ರೊಟ್ಟಿಯ ಮೇಲೆ ಬೆಣ್ಣೆ ನನಗೆ, ಫ್ಯಾನಿನ ಕೆಳಗಿನ ಜಾಗ ನನಗೆ. ನಳಕ್ಕೆ ನೀರು ಬಂದಾಗ ಕೊಡ ಹಿಡಿದು ಹೋದರೆ ಅತ್ತೆ ಕೈಯಿಂದ ಕಸಿದುಕೊಂಡರು: "ಅಯ್ಯ, ನೀವು ನೀರು ತುಂಬೂದೇನ್ರಿ? ಮಂದಿ ನಮಗ ಏನಂದಾರು!" ಅವ್ವನಿಗೆ ಫೋನಿನಲ್ಲಿ, ಮನೆ ಒಣಗುವ ತನಕ ಮಾತ್ರ ಇಲ್ಲಿರುತ್ತೇನೆ ಎಂದೆ. ಅಣ್ಣ ಫೋನು ಇಸಿದುಕೊಂಡು, "ಆತು ಬಿಡೋ, ನೀ ಒಲ್ಲೆ ಅಂದ್ರೂ ಹೊಳಿ ನಿನ್ನ ಮನಿ ಅಳ್ಯಾ ಮಾಡ್ತು!" ಎಂದು ನಕ್ಕ. ನಾನೂ ನಕ್ಕೆ. ಜೋರಾಗಿ ನಕ್ಕೆ.

ಆಮೇಲೆ ಮನೆಗೆ ತಡವಾಗಿ ಬರತೊಡಗಿದೆ. ಪಾಳಿ ಮುಗಿದ ಮೇಲೆ ಬಸ್ ಸ್ಟ್ಯಾಂಡಿನ ಹತ್ತಿರದ ಖಾನಾವಳಿಯಲ್ಲಿ ಉಂಡು, ಅಲ್ಲಿ ಇಲ್ಲಿ ಹೊತ್ತು ಕಳೆದು, "ಇವತ್ತು ಕೆಲಸ ಜಾಸ್ತಿ ಇತ್ತು, ಅಲ್ಲೇ ಊಟ ಆತು," ಎನ್ನುತ್ತಿದ್ದೆ. ಮಾವ, "ಹೌದ್ರಾ," ಎಂದು ಒಳಗೆ ಹೋಗುತ್ತಿದ್ದರು.

ಹೊಳೆ ಇಳಿಯಿತು. ಒಂದು ರವಿವಾರ ಮಧ್ಯಾಹ್ನ ಹೆಂಡತಿ ಮಾಳಿಗೆಯ ಮೇಲೆ ಕೌದಿಗಳನ್ನು ಬಿಸಿಲಿಗೆ ಹಾಕುತ್ತಿದ್ದಳು. ಎಷ್ಟು ತೊಳೆದರೂ ಅವುಗಳಿಂದ ರಾಡಿಯ ವಾಸನೆ ಹೋಗಿರಲಿಲ್ಲ. ನಾನು ಹತ್ತಿರ ಹೋಗಿ, "ಅಜ್ಜಿ ಗೋಡಿಗೆ ಸುಣ್ಣಾ ಹಚ್ಚಸಾಕತ್ತಾಳಂತ. ಮುಂದಿನ ವಾರ ಹೋಗೂಣು," ಎಂದೆ.

ಅವಳು ಕೌದಿ ಕೊಡವುವುದನ್ನು ನಿಲ್ಲಿಸಿದಳು.

"ನಿಮ್ಮ ಅಣ್ಣನ ಕೇಳಿದ್ರಿ, ಅವ್ವನ ಕೇಳಿದ್ರಿ. ಆ ಅಜ್ಜೀನೂ ಕೇಳಿದ್ರಿ. ಎಲ್ಲಿ ಇರೂಣು ಅಂತ ನನ್ನ ಒಮ್ಮೆರ ಕೇಳಿರೇನ್ರಿ?"

"ನೀ ಇಲ್ಲೇ ಇರೂಣು ಅಂತಿದ್ದಿ," ಎಂದೆ.

"ಯಾರು ಹೇಳಿದ್ರು ನಿಮಗ?" ಅವಳ ದನಿ ಏರಲಿಲ್ಲ, ಕೆಳಗೆ ಅಪ್ಪ ಅವ್ವ ಇದ್ದರಲ್ಲ. "ಇಲ್ಲಿ ಇದ್ರ ನಾ ಮತ್ತ ಸಣ್ಣ ಹುಡುಗಿ ಆಗ್ತೇನಿ. ಪಲ್ಯಾಕ ಎಷ್ಟು ಖಾರ ಹಾಕಬೇಕು ಅನ್ನೂದೂ ಅವ್ವನ ಹೇಳ್ತಾಳ. ನಂದೊಂದು ಮನಿ ಬೇಕು ಅಂತ ನನಗೂ ಅನಸ್ತೈತಿ. ಆದ್ರ ಹೊಳ್ಯಾಗ ಬ್ಯಾಡ. ಕೂಸಿನ ಕಟ್ಟಕೊಂಡು ದಿನಾ ಗೋಡಿ ನೋಡ್ಕೊಂತ ಇರಾಕ ನನ್ನ ಕಡೆ ಆಗಂಗಿಲ್ಲ."

ಕೌದಿಯ ಅಂಚು ಸರಿಮಾಡುತ್ತ ಹೇಳಿದಳು: "ಮತ್ತ ಆ ಖಾನಾವಳಿ ಬಿಡ್ರಿ. ಅಪ್ಪಗ ಗೊತ್ತೈತಿ. ಅಳ್ಯಾ ಉಣ್ಣಲಾರದ ನಾ ಹೆಂಗ ಉಣ್ಲಿ ಅಂತ ನೀವು ಬರೂತನಕ ಹಂಗ ಕುಂದರ್ತಾನ. ನೀವು ಊಟ ಆತು ಅಂದಮ್ಯಾಲ ಒಳಗ ಬಂದು ತಣ್ಣನ್ನ ರೊಟ್ಟಿ ತಿಂತಾನ. ಸಕ್ಕರಿ ಕಾಯಿಲೆ ಐತಿ ಅವಗ."

ಅವರ ಸಕ್ಕರೆ ಕಾಯಿಲೆಯ ಗುಳಿಗೆಗಳನ್ನು ಪ್ರತಿ ತಿಂಗಳು ನಾನೇ ಅಂಗಡಿಯಿಂದ ತಂದುಕೊಡುತ್ತಿದ್ದೆ. ಹೊತ್ತಿಗೆ ಸರಿಯಾಗಿ ಉಣ್ಣಬೇಕು ಎಂದು ಎದುರಿಗೆ ಬಂದ ಎಲ್ಲರಿಗೂ ಹೇಳುವುದು ನನ್ನ ಉದ್ಯೋಗ. ಮಾಳಿಗೆಯ ಮೇಲೆ, ಆ ಬಿಸಿಲಿನಲ್ಲಿ, ಎಲ್ಲಿ ನೋಡಬೇಕು ತಿಳಿಯದೆ ಕೌದಿಯ ಇನ್ನೊಂದು ತುದಿ ಹಿಡಿದುಕೊಂಡು ನಿಂತೆ.

ಅವತ್ತು ಸಂಜೆ ಮಾವನ ಜೊತೆಗೇ ಊಟಕ್ಕೆ ಕೂತೆ. ಒಂದು ರೊಟ್ಟಿ ಮುಗಿಸಿದೆ. ಆಮೇಲೆ, "ಮಾವಾರ, ನಮಗೊಂದು ಮನಿ ನೋಡಿ ಕೊಡ್ರಿ," ಎಂದೆ.

ಅವರು ತುತ್ತು ನುಂಗಿ, ನೀರು ಕುಡಿದು, ಬಹಳ ಮೆಲ್ಲಗೆ ಕೇಳಿದರು: "ಎಷ್ಟು ದೂರ ನೋಡ್ಲ್ರಿ?"

ಅದರಲ್ಲಿ ಕೊಂಕು ಇರಲಿಲ್ಲ. ನಿಜವಾಗಿಯೇ ತಿಳಿದುಕೊಳ್ಳಲು ಕೇಳಿದ್ದರು; ನನಗೆ ಹಿಡಿಸುವಷ್ಟು ದೂರದಲ್ಲಿ ಹುಡುಕಬೇಕಲ್ಲ ಎಂದು. ನಾನು ತಾಟಿನಲ್ಲಿ ಬೆರಳಾಡಿಸುತ್ತ ಕೂತೆ. ಉತ್ತರ ಅಡುಗೆಮನೆಯಿಂದ ಬಂತು. "ನೀರು ದಿನಾ ಬರ್ಲಿ, ಅಂಗನವಾಡಿ ಹತ್ರ ಇರ್ಲಿ, ಎತ್ತರದಾಗ ಇರ್ಲಿ," ಎಂದಳು ಹೆಂಡತಿ. "ದೂರ, ಹತ್ರ ನಾ ನೋಡ್ಕೋತೇನಿ."

ಮನೆಯನ್ನು ಅವಳೇ ಆರಿಸಿದಳು. ಮಾವನ ಮನೆಯಿಂದ ಎರಡು ಓಣಿ ಆಚೆ. ಪತ್ರಾಸಿನ ಮನೆ, ತಗಡಿನ ಮಾಡು ಬೇಸಿಗೆಯಲ್ಲಿ ಕಾಯುತ್ತದೆ. ಆದರೆ ಅಡುಗೆಮನೆಗೆ ಕಿಟಕಿ ಇದೆ. ಗೃಹಪ್ರವೇಶದ ದಿನ ಅತ್ತೆ ಬಂದು ಪಲ್ಯದ ಪಾತ್ರೆಗೆ ಕೈ ಹಾಕಿದರೆ, "ಅವ್ವಾ, ನೀ ಕುಂದ್ರು," ಎಂದು ಅವಳೇ ಕೂರಿಸಿ ತಾಟು ಕೊಟ್ಟಳು. ಯಮಕನಮರಡಿಯಿಂದ ನಮ್ಮ ಅವ್ವ ಬಂದಿದ್ದಳು. ಬೀಗರ ಮನೆ ಎಷ್ಟು ದೂರ ಎಂದು ಕೇಳಿದಳು. ಅಂಜುತ್ತಲೇ, ಎರಡು ಓಣಿ, ಎಂದೆ. "ಚೊಲೋ ಆತು. ಕೂಸಿಗೆ ಜ್ವರಾ ಗಿರಾ ಬಂದ್ರ ಬಾಜೂಕ ಯಾರರ ಇರಬೇಕಲ್ಲ," ಎಂದು ಹೇಳಿ ಹೋಳಿಗೆ ತಿನ್ನತೊಡಗಿದಳು. ಯಾರ ಮಾತಿಗೆ ಹೆದರಿ ಹೊಳೆ ದಂಡೆಗೆ ಹೋಗಿದ್ದೆನೋ ಅವರಿಗೆ ಅದು ಇಷ್ಟು ಸಣ್ಣ ವಿಷಯವಾಗಿತ್ತು.

ಈಗ ಮಾವ ದಿನಾ ಬೆಳಿಗ್ಗೆ ಮೊಮ್ಮಗಳನ್ನು ಅಂಗನವಾಡಿಗೆ ಬಿಡಲು ಬರುತ್ತಾರೆ. ಬಾಗಿಲು ತೆರೆದೇ ಇರುತ್ತದೆ. ಆದರೂ ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟು ನಿಂತು, "ಬರಬೋದೇನ್ರಿ ಅಳ್ಯಾರ?" ಎಂದು ಕೇಳುತ್ತಾರೆ. ಬೇರೆ ನೆಂಟರ ಮನೆಯಲ್ಲಾಗಲಿ ನೆರೆಯವರ ಮನೆಯಲ್ಲಾಗಲಿ ಅವರು ಹಾಗೆ ಕೇಳಿದ್ದನ್ನು ನಾನು ನೋಡಿಲ್ಲ. "ಬರ್ರಿ ಮಾವಾರ, ಕೇಳೂದೇನ್ರಿ," ಎಂದು ಎದ್ದು ಬಾಗಿಲಿಗೆ ಹೋಗುತ್ತೇನೆ. ಅವರು ನಕ್ಕು ಒಳಗೆ ಬರುತ್ತಾರೆ. ಮರುದಿನ ಮತ್ತೆ ನಿಂತು ಕೇಳುತ್ತಾರೆ.