ದಕ್ಷಿಣದ ಕೊಂಬೆಗೆ ಕಟ್ಟಿದ ಬಿಳಿ ಬಟ್ಟೆ

ಅಕುಲೀನಾ ಐವತ್ತು ದಾಟಿದ ಮೇಲೆ ಎರಡನೇ ಮದುವೆಯಾಗಿ, ಲೇನಾ ನದಿಯ ಈಚೆ ದಡದ ಪ್ರೊಕೋಪಿಯ ಮನೆಗೆ ಬಂದವಳು. ಅರ್ಧ ಆಯುಸ್ಸು ತವರಿನ ಕೊಟ್ಟಿಗೆಯಲ್ಲಿ ಹಾಲು ಕರೆಯುವುದರಲ್ಲೇ ಕಳೆದಿತ್ತು. ಇಲ್ಲಿ ಹಸುವಿತ್ತು, ಬೆಚ್ಚನೆಯ ಒಲೆಯಿತ್ತು. ಆದರೆ ತವರಿನ ಅಂಗಳದಲ್ಲಿದ್ದಂಥ, ಸೂಜಿಯೆಲೆಯ ಲಾರ್ಚ್ ಮರವೊಂದು ಇರಲಿಲ್ಲ. ತವರಲ್ಲಿ ಗಾಳಿ ಬಂದರೆ ಆ ಮರ ಉಸಿರಾಡುತ್ತಿತ್ತು. ಇಲ್ಲಿ ಗಾಳಿ ಯಾರನ್ನೂ ಮಾತಾಡಿಸದೆ ಬೇಲಿ ದಾಟಿ ಹೋಗುತ್ತಿತ್ತು.

"ತವರಿಂದ ಒಂದು ಸಸಿ ತರ್ತೀನಿ ಕಣ್ರೀ. ಅದು ಬೇರು ಬಿಟ್ರೆ ನಾನೂ ಬಿಟ್ಟೆ. ಒಣಗಿದ್ರೆ ತಂಗಿ ಮನೆಗೆ ಹೊರಟೆ."

"ನನ್ನ ಸಂಸಾರಾನ ಗಿಡದ ಕೈಗೆ ಕೊಟ್ಬಿಟ್ಯಲ್ಲೇ," ಎಂದ ಪ್ರೊಕೋಪಿ, ಚಹಾದ ಲೋಟವನ್ನೇ ನೋಡುತ್ತ.

ಎಲೆಗಳು ಹೊಂಬಣ್ಣಕ್ಕೆ ತಿರುಗಿ ಉದುರಿದ ಮೇಲೆ, ನೆಲ ಹೆಪ್ಪುಗಟ್ಟುವ ಮುಂಚೆ, ತವರಿನ ಕಾಡಿನಿಂದ ಸಸಿ ಬಂತು. ಕಾಡಿನಲ್ಲಿ ಬಿಸಿಲು ಕಂಡ ಮೈಯೇ ಇಲ್ಲೂ ಬಿಸಿಲು ಕಾಣಬೇಕು. ತಿರುಗಿಸಿ ನೆಟ್ಟರೆ ಮರ ದಿಕ್ಕು ತಪ್ಪಿ ಕೊರಗುತ್ತದೆ. ಅದಕ್ಕೇ ದಕ್ಷಿಣದ ಕೊಂಬೆಗೆ ತಲೆವಸ್ತ್ರದ ಬಿಳಿ ಚೂರೊಂದನ್ನು ಕಟ್ಟಿ ತಂದಿದ್ದಳು. ಸಸಿಯನ್ನು ಬೇಲಿಗೆ ಒರಗಿಸಿ, ನೆಲದಮ್ಮನಿಗೆ ಉಣಿಸಲು ರೊಟ್ಟಿ ಬೆಣ್ಣೆ ತರಲೆಂದು ಒಳಗೆ ಹೋದಳು.

ರೊಟ್ಟಿ ಬೇಯುವಷ್ಟರಲ್ಲಿ ಸಸಿಯ ತುಂಬ ಬಿಳಿ ಬಟ್ಟೆ. ಮರಕ್ಕೆ ಬಟ್ಟೆ ಕಟ್ಟಿದ್ದು ಕಂಡ ಮೇಲೆ ಈ ಊರಿನವರು ತಮ್ಮದೂ ಒಂದು ಕಟ್ಟದೆ ಮುಂದೆ ಹೋದಾರೆಯೇ?

"ನಂದೂ ಒಂದಿದೆ, ಸೊಂಟನೋವಿಗೆ," ಎಂದಳು ಬೇಲಿಯಾಚೆಯಿಂದ ಪಕ್ಕದ ಮನೆಯ ಫೆವ್ರೋನ್ಯಾ.

"ಅಕ್ಕಾ, ಅದು ಹರಕೆ ಅಲ್ಲ, ದಿಕ್ಕಿನ ಗುರುತು."

"ಹಾಗಾದ್ರೆ ಎಲ್ಲಾ ಬಿಚ್ಚು."

"ಬಿಚ್ಚಿ ನಿನ್ನ ಸೊಂಟನೋವು ನಾನು ಹೊತ್ಕೊಳ್ಲಾ?"

ಅಷ್ಟು ಬಿಳಿ ಬಟ್ಟೆಗಳಲ್ಲಿ ತನ್ನ ಚೂರು ಯಾವುದೆಂದು ಅಕುಲೀನಾಗೆ ತಿಳಿಯಲಿಲ್ಲ. ಕಣ್ಣು ಮುಚ್ಚಿ, ಆ ಕಾಡಿನಲ್ಲಿ ಸಸಿ ಕೀಳುವಾಗ ತನ್ನ ಯಾವ ಕೆನ್ನೆಗೆ ಬಿಸಿಲು ತಾಗಿತ್ತೆಂದು ನೆನೆದಳು. ನೆನಪು ಹೇಳಿದ ಹಾಗೆ ನೆಟ್ಟಳು.

ಹಿಮ ಬಿತ್ತು. ಮದುವೆಯ ಬಿಳಿ ಅಂಗಿ ಹಾಕಿಕೊಳ್ಳಿ ಎಂದು ಅವಳು ಹೇಳಿದಾಗಲೆಲ್ಲ ಪ್ರೊಕೋಪಿ "ಆಮೇಲೆ" ಎನ್ನುತ್ತಿದ್ದ. ಅವಳ ಕನಸಿನಲ್ಲಿ ಸಸಿ ಹಿಮದ ಕಂಬಳಿಯಡಿ, ನಿದ್ದೆಯಲ್ಲಿ ಮಗ್ಗುಲಾಗುವವರ ಹಾಗೆ, ಮೆಲ್ಲಗೆ ಬಿಸಿಲಿನ ಕಡೆಗೆ ತಿರುಗುತ್ತಿತ್ತು. ಎದ್ದ ಮೇಲೂ ಆ ತಿರುಗುವಿಕೆ ಅವಳ ಮೈಯಲ್ಲೇ ಇರುತ್ತಿತ್ತು.

ನದಿಯ ಮಂಜುಗಡ್ಡೆ ಒಡೆದು ಹೋದ ಮೇಲೊಂದು ಬೆಳಿಗ್ಗೆ, ಬೋಳು ಕೊಂಬೆಗಳ ಮೇಲೆ ಹಸಿರು ಕುಚ್ಚುಗಳು. ಬೆರಳಿಗೆ ಬೆಕ್ಕಿನ ಮರಿಯಷ್ಟು ಮೆತ್ತಗೆ. ಕೆಳಗಿನ ಕೊಂಬೆಯಲ್ಲಿ ಸಡಿಲಾಗಿ ಜೋತಿದ್ದ ಬಟ್ಟೆಯೊಂದರಲ್ಲಿ ಗುಂಡಿಯ ಕಾಜಾ ಕಂಡಿತು. ಮದುವೆಯ ಅಂಗಿಯ ಅಂಚು.

"ನಿಮಗ್ಯಾವ ನೋವಿತ್ರೀ?"

"ನೋವೇನಿಲ್ಲ," ಎಂದ ಪ್ರೊಕೋಪಿ ಬಾಗಿಲಲ್ಲಿ ನಿಂತು. "ನಿನ್ನ ತಂಗಿ ಮನೆ ಇನ್ನೂ ಸ್ವಲ್ಪ ದೂರ ಆಗ್ಲಿ ಅಂತ."

ಅವಳು ಸಡಿಲಾದ ಗಂಟನ್ನು ಇನ್ನೊಂದು ಸುತ್ತು ಬಿಗಿದು, ಹಾಲಿನ ಬಕೆಟ್ ತೆಗೆದುಕೊಂಡು ಕೊಟ್ಟಿಗೆಗೆ ಹೋದಳು.