ಕಸುಬಿನ ಮುಂದೆ ಒಂದು ಗೆರೆ

ನಮ್ಮ ಕೇಂದ್ರದಲ್ಲಿ ನನ್ನನ್ನು ಎಲ್ಲರೂ ಫಾರಂ ಅಕ್ಕ ಎಂದೇ ಕರೆಯುವುದು. ದೇಶ ಬಿಟ್ಟು ಓಡಿಬಂದವರು ಮೊದಲು ಹತ್ತುವುದು ನಮ್ಮ ಮೆಟ್ಟಿಲು. ಅವರಿಗೊಂದು ಮನೆ, ಹಾಸಿಗೆ ಹೊದಿಕೆ, ಮಕ್ಕಳಿಗೆ ಶಾಲೆ, ಕೈಗೊಂದು ಕೆಲಸ ನೋಡಿಕೊಡುವುದು ಕೇಂದ್ರದ ಹೊಣೆ. ಅವರು ಹೇಳಿದ್ದನ್ನು ಇಲ್ಲಿನ ಭಾಷೆಗೆ, ಇಲ್ಲಿಯವರು ಹೇಳಿದ್ದನ್ನು ಅವರ ಭಾಷೆಗೆ ತಿರುಗಿಸಿ ಹೇಳುವುದು, ಫಾರಂ ತುಂಬುವುದು ನನ್ನ ಹೊಣೆ. ಇಪ್ಪತ್ತೆರಡು ವರ್ಷದ ಹಿಂದೆ ನಾನೂ ಅದೇ ಮೆಟ್ಟಿಲನ್ನು ಒಂದು ಕೈಚೀಲ ಹಿಡಿದು ಹತ್ತಿದವಳು. ಆದ್ದರಿಂದ ನನಗೆ ಇಲ್ಲಿ ಸ್ವಲ್ಪ ಧಿಮಾಕು. ಎಷ್ಟು ಸ್ವಲ್ಪ ಎಂಬುದನ್ನು ನನ್ನ ಗಂಡನನ್ನು ಕೇಳಬೇಕು.

ಹೇಳಹೊರಟಿರುವುದು ಕಾಲು ಮೇಸ್ತ್ರಿಯ ಕತೆ. ಕತೆ ಅವರದು, ಅದರಲ್ಲಿರುವ ನಾಚಿಕೆ ಮಾತ್ರ ಪೂರ್ತಿ ನನ್ನದು. ಅದನ್ನು ಯಾರಿಗೂ ಪಾಲು ಕೊಡುವ ಹಾಗಿಲ್ಲ.

ಮೂರು ವರ್ಷದ ಹಿಂದೆ ಒಂದು ಬೆಳಿಗ್ಗೆ ಮೇಸ್ತ್ರಿಯೂ ಅವರ ಹೆಂಡತಿಯೂ ನನ್ನ ಮೇಜಿನ ಮುಂದೆ ಬಂದು ಕೂತರು. ಅವರು ನಮ್ಮ ಕಡೆಯವರೇ, ನಮ್ಮ ಭಾಷೆಯವರೇ. ಐವತ್ತರ ಹತ್ತಿರದ ಮನುಷ್ಯ, ತೆಳ್ಳಗೆ, ಎರಡೂ ಅಂಗೈಯನ್ನು ಮಂಡಿಯ ಮೇಲೆ ಇಟ್ಟುಕೊಂಡು ಪರೀಕ್ಷೆಗೆ ಬಂದ ಹಾಗೆ ಕೂತಿದ್ದರು. ಹೆಸರು, ವಯಸ್ಸು, ಊರು ಎಲ್ಲ ಆಯಿತು. ಕಸುಬಿನ ಕಾಲಂ ಬಂತು.

“ಕಸುಬು?”

“ಕಾಲು ಮಾಡ್ತೀನಿ.”

“ಯಾವ ಕಾಲು? ಕುರ್ಚಿದಾ, ಮೇಜಿಂದಾ?”

“ಮನುಷ್ಯರದು ಅಕ್ಕ.”

ಹೆಂಡತಿ ಬಾಯಿಗೆ ಸೆರಗು ಹಿಡಿದು ನಕ್ಕಳು. ಮೇಸ್ತ್ರಿ ಮಾತ್ರ ನಗದೆ ವಿವರಿಸಿದರು. ನಮ್ಮ ಕಡೆ ಹೊಲದಲ್ಲಿ ಹೂತಿಟ್ಟ ಬಾಂಬುಗಳಿಗೆ ಕಾಲು ಕಳೆದುಕೊಂಡವರು ಮನೆಗೊಬ್ಬರಿದ್ದರು. ಅವರ ಮೊಂಡು ಕಾಲಿಗೆ ಪ್ಲಾಸ್ಟರ್ ಹಾಕಿ ಅಚ್ಚು ತೆಗೆಯುವುದು, ಅಚ್ಚಿಗೆ ಸರಿಯಾಗಿ ಮರ ಕೆತ್ತುವುದು, ಚರ್ಮದ ಪಟ್ಟಿ ಹೊಲಿಯುವುದು, ಆಮೇಲೆ ಆ ಮನುಷ್ಯನ ಕೈಹಿಡಿದು ಅಂಗಳದಲ್ಲಿ ನಡೆಸುವುದು. ಹತ್ತೊಂಬತ್ತು ವರ್ಷ ಅದನ್ನೇ ಮಾಡಿದ್ದರಂತೆ. ಊರಲ್ಲಿ ಕಾಲು ಮೇಸ್ತ್ರಿ ಅಂದರೆ ಮಕ್ಕಳೂ ಮನೆ ತೋರಿಸುತ್ತಿದ್ದರಂತೆ.

“ಕಾಗದ ಪತ್ರ ಏನಾದ್ರೂ ಇದ್ಯಾ?”

“ವರ್ಕ್‌ಶಾಪೇ ಸುಟ್ಟುಹೋಯ್ತು ಅಕ್ಕ. ಕಾಗದ ಎಲ್ಲಿಂದ ತರ್ಲಿ?”

ಇಲ್ಲಿ ನಮ್ಮ ಕೇಂದ್ರದ ಒಂದು ಗುಟ್ಟು ಹೇಳಬೇಕು. ಬಂದವರು ತೊಂಬತ್ತು ದಿನದೊಳಗೆ ಕೆಲಸಕ್ಕೆ ಸೇರಬೇಕು, ಆಗ ಅವರು ಸ್ವಾವಲಂಬಿಗಳು, ನಮ್ಮ ಕೇಂದ್ರಕ್ಕೆ ಒಳ್ಳೆಯ ಹೆಸರು. ಪರವಾನಗಿ ಬೇಕಾಗುವ ಕಸುಬನ್ನು ಫಾರಂನಲ್ಲಿ ಬರೆದರೆ ಫೈಲು ಕಸುಬು ಮಂಡಳಿಗೆ ಹೋಗುತ್ತದೆ. ಅಲ್ಲಿಗೆ ಹೋದ ಫೈಲು ಒಂದು ವರ್ಷ ಅಲ್ಲಾಡುವುದಿಲ್ಲ. ಅದೇ ಕಸುಬಿನ ಮುಂದೆ ಏನೂ ಇಲ್ಲವೆಂದು ಒಂದು ಗೆರೆ ಎಳೆದುಬಿಟ್ಟರೆ ಮುಂದಿನ ತಿಂಗಳೇ ಯಾವುದಾದರೂ ಗೋದಾಮಿನಲ್ಲಿ ಕೆಲಸ. ನಾನು ಗೆರೆ ಎಳೆದೆ.

ಯಾರು ಕೇಳಿದರೂ ನಾನು ಕೊಡುತ್ತಿದ್ದ ಕಾರಣ ಈ ತೊಂಬತ್ತು ದಿನದ್ದು. ಅದು ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ನಾನು ಊರಲ್ಲಿ ಹೈಸ್ಕೂಲು ಮಕ್ಕಳಿಗೆ ಭೂಗೋಳ ಕಲಿಸುತ್ತಿದ್ದವಳು. ಇಲ್ಲಿಗೆ ಬಂದಾಗ ನನ್ನ ಫಾರಂನಲ್ಲೂ ಯಾರೋ ಗೆರೆ ಎಳೆದರು. ಏಳು ವರ್ಷ ಹೋಟೆಲಿನ ಹಿಂಬದಿಯಲ್ಲಿ ನಿಂತು ಪಾತ್ರೆ ತಿಕ್ಕಿದೆ. ಈ ಮನುಷ್ಯ ನಿನ್ನೆ ಮೊನ್ನೆ ಬಂದು “ಮನುಷ್ಯರದು ಅಕ್ಕ” ಎಂದು ತಲೆಯೆತ್ತಿ ಹೇಳಿದಾಗ ನನ್ನ ಹೊಟ್ಟೆಯಲ್ಲಿ ಏನೋ ಚುರುಕ್ ಅಂದಿತು. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವಂತೆ! ನಾನು ತಿಕ್ಕಿಲ್ಲವೇ, ಇವನೂ ತಿಕ್ಕಲಿ. ಇದಕ್ಕೆ ಹೊಟ್ಟೆಕಿಚ್ಚು ಎನ್ನದೆ ಬೇರೆ ಏನೆನ್ನಬೇಕೋ ನನಗೆ ಗೊತ್ತಿಲ್ಲ.

“ಏನು ಬರೆದ್ರಿ ಅಕ್ಕ?” ಎಂದು ಮೇಸ್ತ್ರಿ ಕೇಳಿದರು.

“ಬೇಗ ಕೆಲಸ ಸಿಗೋ ಹಾಗೆ ಬರೆದಿದೀನಿ. ಸಹಿ ಹಾಕಿ.”

ಹಾಕಿದರು. ಅರವತ್ತೊಂದನೇ ದಿನಕ್ಕೆ ಮರದ ಪೆಟ್ಟಿಗೆ ಹೊಡೆಯುವ ಗೋದಾಮಿನಲ್ಲಿ ಅವರಿಗೆ ಕೆಲಸವಾಯಿತು. ಕೈಯಲ್ಲಿ ಸುತ್ತಿಗೆ ಹಿಡಿದ ಅವರ ಫೋಟೋ ತೆಗೆದು, ಕಟ್ಟು ಹಾಕಿಸಿ, ನಮ್ಮ ಮೆಟ್ಟಿಲ ಗೋಡೆಗೆ ತೂಗುಹಾಕಿದೆವು. ಹೊಸದಾಗಿ ಬಂದವರಿಗೆಲ್ಲ ನಾನೇ ಅದನ್ನು ತೋರಿಸಿ, “ನೋಡಿ, ಎರಡೇ ತಿಂಗಳು, ಇವರು ಯಾರ ಮುಂದೂ ಕೈಚಾಚೋ ಹಾಗಿಲ್ಲ” ಎಂದು ಭಾಷಣ ಬಿಗಿಯುತ್ತಿದ್ದೆ. ಹೇಳುತ್ತಾ ಹೇಳುತ್ತಾ ನಾನೇ ನಂಬಿಬಿಟ್ಟಿದ್ದೆ.

ಮೇಸ್ತ್ರಿ ನಡುನಡುವೆ ಯಾವುದಾದರೂ ಪತ್ರ ಓದಿಸಿಕೊಳ್ಳಲು ಬರುತ್ತಿದ್ದರು. ಎದುರಿಗಿದ್ದವರ ಮುಖ ನೋಡುವ ಮೊದಲು ಕಾಲು ನೋಡುವುದು ಅವರ ಅಭ್ಯಾಸ. ಒಮ್ಮೆ ನನ್ನನ್ನು ಕಾರಿಡಾರಿನಲ್ಲಿ ಹಿಂದಕ್ಕೂ ಮುಂದಕ್ಕೂ ನಡೆಸಿ, “ನಿಮ್ಮ ಎಡಗಾಲು ಒಂದು ಚೂರು ಗಿಡ್ಡ ಅಕ್ಕ, ಅದಕ್ಕೇ ಸೊಂಟ ನೋಯೋದು” ಎಂದರು. ಮರುವಾರ ಒಂದು ತುಂಡು ಚರ್ಮ ಕತ್ತರಿಸಿ ತಂದು ನನ್ನ ಎಡ ಚಪ್ಪಲಿಗೆ ಅಂಟಿಸಿಕೊಟ್ಟರು. ಡಾಕ್ಟರ ಮಾತ್ರೆಗೆ ಬಗ್ಗದ ನೋವು ಹದಿನೈದು ದಿನದಲ್ಲಿ ಹೋಯಿತು. ಆಗಲಾದರೂ ನನಗೆ ಬುದ್ಧಿ ಬರಬೇಕಿತ್ತು. ಥ್ಯಾಂಕ್ಸ್ ಹೇಳಿ ಸುಮ್ಮನಾದೆ.

ಅವರ ಗೋದಾಮಿನ ಕಾವಲುಗಾರನಿಗೆ ಬಲಗಾಲು ಕೃತಕದ್ದು. ಅದು ತೊಡೆಗೆ ಉಜ್ಜಿ ಉಜ್ಜಿ ಹುಣ್ಣಾಗಿ, ಪಾಪ, ಆತ ಕೂತಲ್ಲಿಂದ ಏಳಲು ಒದ್ದಾಡುತ್ತಿದ್ದ. ಮೇಸ್ತ್ರಿ ನಾಲ್ಕು ದಿನ ಊಟದ ಬಿಡುವಿನಲ್ಲಿ ಕೂತು, ಆ ಕಾಲಿನ ಒಳಬದಿಯನ್ನು ಹೆರೆದು, ಪಟ್ಟಿಯ ಜಾಗ ಬದಲಿಸಿ ಹೊಲಿದರು. ಐದನೇ ದಿನ ಆತ ಗೇಟಿನಿಂದ ಗೇಟಿಗೆ ಸರಾಗವಾಗಿ ನಡೆದ. ಆತ ತಪಾಸಣೆಗೆ ಹೋದಾಗ ಆಸ್ಪತ್ರೆಯ ಕೃತಕ ಕಾಲಿನ ವರ್ಕ್‌ಶಾಪಿನ ಮುಖ್ಯಸ್ಥರು ಅದನ್ನು ನೋಡಿ, ಇದು ಯಾರ ಕೈಕೆಲಸ ಎಂದು ವಿಚಾರಿಸಿಕೊಂಡು ಗೋದಾಮಿಗೇ ಬಂದರಂತೆ. ನಾಳೆಯೇ ಬನ್ನಿ, ಕೆಲಸ ಕೊಡುತ್ತೇನೆ, ಕಸುಬು ಮಂಡಳಿಯ ಪರೀಕ್ಷೆ ಒಂದು ಪಾಸಾಗಬೇಕು ಅಷ್ಟೆ ಎಂದರಂತೆ.

ಅಷ್ಟೆ ಅನ್ನುವುದು ಅಷ್ಟು ಸುಲಭವಿರಲಿಲ್ಲ. ವರ್ಕ್‌ಶಾಪಿನವರ ಮೂಲಕ ಹಾಕಿದ ಅರ್ಜಿಗೆ ಮಂಡಳಿಯಿಂದ ಮೇಸ್ತ್ರಿಗೆ ಪತ್ರ ಬಂತು. ಅದನ್ನು ಹಿಡಿದು ಓಡಿಬಂದರು, ಹಿಂದೆ ಹೆಂಡತಿ. ನಾನು ಓದಿ ಹೇಳಿದೆ: ಮೊದಲ ಫಾರಂನಲ್ಲಿ ನಿಮ್ಮ ಕಸುಬು ನಮೂದಾಗಿಲ್ಲ. ಬರೆದುಕೊಂಡವರ ತಪ್ಪಾಗಿದ್ದರೆ ಪರೀಕ್ಷೆಗೆ ಕೂರಬಹುದು. ನೀವೇ ಹೇಳದೆ ಬಿಟ್ಟಿದ್ದರೆ ಅರ್ಜಿ ರದ್ದು, ಮತ್ತೆ ಹಾಕುವಂತಿಲ್ಲ. ವಿಚಾರಣೆಗೆ ಬನ್ನಿ. ಜೊತೆಗೆ ಆ ಫಾರಂನ ನಕಲು ಲಗತ್ತಿಸಿದ್ದರು. ನನ್ನದೇ ಅಕ್ಷರ, ನನ್ನದೇ ಗೆರೆ. ಕೆಳಗೆ ಮೇಸ್ತ್ರಿಯ ಸಹಿ, ಕೇಂದ್ರದ ಮೊಹರು, ನನ್ನ ಹೆಸರಿರಲಿಲ್ಲ.

ಬಾಯಿಂದ ಬಂದ ಮಾತು ಇದು: “ಆವತ್ತು ನೀವೇ ಸರಿಯಾಗಿ ಹೇಳಿರ್ಲಿಲ್ವೇನೋ ಮೇಸ್ತ್ರಿ.”

ಮೇಸ್ತ್ರಿ ನನ್ನ ಮುಖವನ್ನು ಒಂದು ಗಳಿಗೆ ನೋಡಿದರು. “ಇರಬಹುದು ಅಕ್ಕ” ಎಂದರು.

ಮನೆಗೆ ಹೋಗಿ ಗಂಡನ ಹತ್ತಿರ ಎಲ್ಲ ಹೇಳಿಕೊಂಡೆ. ತರಕಾರಿ ಹೆಚ್ಚುತ್ತಿದ್ದವರು ಚಾಕು ಕೆಳಗಿಟ್ಟು, “ಹೋಗಿ ಒಪ್ಕೋ. ಅದ್ರಲ್ಲಿ ಯೋಚನೆ ಮಾಡೋದೇನಿದೆ?” ಎಂದರು.

“ಹೇಳೋದು ಸುಲಭ. ಕೆಲಸ ಹೋದ್ರೆ?”

“ಅವರದ್ದು ಮೂರು ವರ್ಷದಿಂದ ಹೋಗಿದೆಯಲ್ಲ ಮಾರಾಯ್ತಿ!”

ನಾನು ಅವರ ಮೇಲೆ ಹರಿಹಾಯ್ದೆ. ತಪ್ಪು ಮಾಡಿದವರಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ.

ವಿಚಾರಣೆಯ ದಿನ ದುಭಾಷಿಯಾಗಿ ಹೋಗಬೇಕಾದವಳೂ ನಾನೇ. ನಮ್ಮ ಭಾಷೆಗೆ ಇರುವುದು ಇಬ್ಬರು, ಇನ್ನೊಬ್ಬಳು ಬಾಣಂತನದ ರಜೆಯಲ್ಲಿದ್ದಳು. ಮಂಡಳಿಯ ಕಟ್ಟಡದ ಎರಡನೇ ಮಹಡಿ, ಹಸಿರು ಬಣ್ಣದ ಬೆಂಚು, ಕುಡಿಯುವ ನೀರಿನ ಯಂತ್ರದ ಗೊರಗೊರ ಸದ್ದು. ಮೇಸ್ತ್ರಿ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು, ಉಗುರಿನ ಸಂದಿನ ಕೊಳೆಯನ್ನೂ ತೆಗೆದು ಬಂದಿದ್ದರು. ನಾನು ಪಕ್ಕದಲ್ಲಿಲ್ಲ ಎಂದುಕೊಂಡು ಹೆಂಡತಿ ಅವರಿಗೆ ಪಿಸುಗುಟ್ಟಿದ್ದು ನನ್ನ ಕಿವಿಗೆ ಬಿತ್ತು. “ಅಕ್ಕನ ಹೆಸರು ಎತ್ತಬೇಡಿ. ನಡುಗ್ತಾ ಬಂದಾಗ ಹೊದಿಕೆ ಕೊಟ್ಟವರು. ಉಂಡ ಮನೆ ಜಂತೆ ಎಣಿಸಬಾರದು.”

ಆಗಲೇ ಹೋಗಿ ಆ ಹೆಂಗಸಿನ ಕಾಲು ಹಿಡಿಯಬೇಕಿತ್ತು. ನಾನು ನೀರು ಕುಡಿಯುವ ನೆಪ ಮಾಡಿ ಲೋಟದಲ್ಲಿ ಮುಖ ಮುಚ್ಚಿಕೊಂಡೆ.

ದುಭಾಷಿಗಳಿಗೆ ಒಂದು ನಿಯಮವಿದೆ. ಮಾತಾಡುವವನು ‘ನಾನು’ ಎಂದರೆ ನಾವೂ ‘ನಾನು’ ಎಂದೇ ಹೇಳಬೇಕು. ಒಂದು ಮಾತು ಸೇರಿಸುವಂತಿಲ್ಲ, ಒಂದು ಮಾತು ಬಿಡುವಂತಿಲ್ಲ, ಸ್ವಂತದ್ದನ್ನು ಹೇಳುವಂತಿಲ್ಲ. ಹೊಸಬರಿಗೆ ಈ ಪಾಠ ಮಾಡುವವಳೂ ನಾನೇ, ಕೇಳಿ!

ಅಧಿಕಾರಿಣಿ ವಯಸ್ಸಾದವರು, ಓದುವ ಕನ್ನಡಕವನ್ನು ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದರು. ವರ್ಕ್‌ಶಾಪಿನವರ ಪತ್ರ ಓದಿದರು, ಕಾವಲುಗಾರನ ಕಾಲಿನ ಫೋಟೋ ನೋಡಿ “ಚೆನ್ನಾಗಿದೆ” ಎಂದರು. ಆಮೇಲೆ ಫಾರಂ ಮುಂದಿಟ್ಟು, “ಇಷ್ಟು ಒಳ್ಳೆ ಕಸುಬು ಇಟ್ಟುಕೊಂಡು ಆವತ್ತು ಯಾಕೆ ಹೇಳಲಿಲ್ಲ?” ಎಂದು ಕೇಳಿದರು. ನಾನು ಅದನ್ನು ನಮ್ಮ ಭಾಷೆಯಲ್ಲಿ ಹೇಳಿದೆ.

ಮೇಸ್ತ್ರಿ ನನ್ನ ಕಡೆ ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಕಾಯುವಿಕೆ ಇತ್ತು. ನಾನು ಮೇಜಿನ ಮೇಲಿನ ಪೆನ್ನು ನೋಡಿದೆ.

“ನಾನೇ ಸರಿಯಾಗಿ ಹೇಳಿರ್ಲಿಲ್ಲ. ತಪ್ಪು ನಂದೇ” ಎಂದರು ಮೇಸ್ತ್ರಿ.

ನಾನು ಅವರ ಬಾಯಿಗೆ ಹಾಕಿದ್ದ ಸುಳ್ಳನ್ನೇ ಅವರು ನನಗೆ ವಾಪಸು ಕೊಟ್ಟಿದ್ದರು. ನಾನು ಇಲ್ಲಿನ ಭಾಷೆಯಲ್ಲಿ, ಸ್ಪಷ್ಟವಾಗಿ, ಒಂದಕ್ಷರ ಹೆಚ್ಚು ಕಮ್ಮಿ ಮಾಡದೆ, “ನಾನೇ ಸರಿಯಾಗಿ ಹೇಳಿರಲಿಲ್ಲ, ತಪ್ಪು ನನ್ನದೇ” ಎಂದೆ. ನಿಯಮ ಪಾಲಿಸಿದ್ದೆ. ನನ್ನ ಇಷ್ಟು ವರ್ಷದ ಕೆಲಸದಲ್ಲಿ ಅಷ್ಟು ಹೇಡಿತನದ ಮಾತು ಇನ್ನೊಂದು ಆಡಿಲ್ಲ.

“ಹಾಗಾದರೆ ನಾನೇನೂ ಮಾಡುವ ಹಾಗಿಲ್ಲ” ಎಂದು ಅಧಿಕಾರಿಣಿ ಬೇಸರದಿಂದಲೇ ಫೈಲು ಮುಚ್ಚಿದರು.

ಹೊರಗೆ ಬಂದೆವು. ಹೆಂಡತಿ ಬೆಂಚಿನಿಂದ ಎದ್ದು ನಿಂತಳು. ಮೇಸ್ತ್ರಿ ಅವಳಿಗೆ ಆಗಲಿಲ್ಲ ಎಂಬಂತೆ ತಲೆ ಆಡಿಸಿ, ನನ್ನ ಕಡೆ ತಿರುಗಿದರು.

“ನಾನು ಹೇಳಿದ್ದನ್ನೇ ಹೇಳಿದ್ರಾ ಅಕ್ಕ?”

“ಹೂಂ. ನೀವು ಹೇಳಿದ್ದನ್ನೇ.”

“ಆವತ್ತೂ ಹಾಗೇ ಮಾಡಿದ್ರೆ ಆಗ್ತಿತ್ತಲ್ಲ” ಎಂದರು. ದನಿ ಏರಿಸಲಿಲ್ಲ, ವ್ಯಂಗ್ಯವನ್ನೂ ಮಾಡಲಿಲ್ಲ. ಬಿಸಿಲು ಜೋರಾಗಿದೆ ಅನ್ನುವ ಹಾಗೆ ಅಂದರು.

ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅದು ಬಿಡಲಿಲ್ಲ, ನಾನೇ ಬಾಗಿಲು ನೂಕಿ ಒಳಗೆ ಹೋದೆ. ಅಧಿಕಾರಿಣಿ ಸಹಿ ಹಾಕಲು ಕನ್ನಡಕ ಏರಿಸುತ್ತಿದ್ದರು.

“ಈಗ ಹೇಳೋದು ಅವರ ಮಾತಲ್ಲ, ನನ್ನ ಮಾತು” ಎಂದೆ. ಗೆರೆ ಎಳೆದವಳು ನಾನು, ಅವರು ಆವತ್ತು ಎಲ್ಲವನ್ನೂ ಬಿಡಿಸಿ ಬಿಡಿಸಿ ಹೇಳಿದ್ದರು ಎಂದೆ.

“ಹತ್ತು ನಿಮಿಷದ ಹಿಂದೆ ಇದೇ ಕುರ್ಚಿಯಲ್ಲಿ ಕೂತಿದ್ದಿರಿ. ಆಗ ಬಾಯಲ್ಲಿ ಏನಿತ್ತು?”

ಅವರು ಒಂದು ಬಿಳಿ ಹಾಳೆ ಮುಂದೆ ನೂಕಿದರು. ಬರೆದೆ, ಈ ಸಲ ಹೆಸರು ಹಾಕಿಯೇ ಸಹಿ ಮಾಡಿದೆ. ಅದನ್ನು ಓದಿ ಅವರು ಹೇಳಿದ್ದು ಎರಡೇ ಮಾತು. ಮೇಸ್ತ್ರಿ ಮುಂದಿನ ತಿಂಗಳು ಪರೀಕ್ಷೆಗೆ ಕೂರಬಹುದು. ನಾನು ಇನ್ನು ಮುಂದೆ ಈ ಕೋಣೆಯಲ್ಲಿ ಯಾರ ಪರವಾಗಿಯೂ ಕೂರುವಂತಿಲ್ಲ, ನಮ್ಮ ಕೇಂದ್ರಕ್ಕೂ ಪತ್ರ ಹೋಗುತ್ತದೆ.

ಗಂಡ ಹೆಂಡತಿ ಅಲ್ಲೇ ನಿಂತಿದ್ದರು. “ನಿಮ್ಮನ್ನ ಪರೀಕ್ಷೆಗೆ ಕೂರಿಸ್ತಾರಂತೆ ಮೇಸ್ತ್ರಿ” ಎಂದೆ.

ಆ ಹೆಂಗಸು ಗಳಗಳನೆ ಅತ್ತು ನನ್ನ ಎರಡೂ ಕೈ ಹಿಡಿದುಕೊಂಡಳು. “ನಿಮ್ಮಿಂದಲೇ ಅಕ್ಕ, ಎಲ್ಲಾ ನಿಮ್ಮಿಂದಲೇ. ಯಾವ ಜನ್ಮದಲ್ಲಿ ಈ ಋಣ ತೀರಿಸ್ತೀವೋ!” ಮೇಸ್ತ್ರಿಯ ಕಣ್ಣೂ ಒದ್ದೆಯಾಗಿತ್ತು. ಅವರು ಆ ಗೆರೆಯನ್ನು ನನ್ನ ಗಡಿಬಿಡಿ ಎಂದೇ ತಿಳಿದಿದ್ದರು, ಮನ್ನಿಸಿಯೂ ಬಿಟ್ಟಿದ್ದರು. ಹಾಗೆಯೇ ಬಿಡಬಹುದಿತ್ತು. ಆದರೆ ಅರ್ಧ ಹೇಳಿ ಅರ್ಧ ನುಂಗುವುದು ಇನ್ನು ನನ್ನಿಂದ ಆಗುತ್ತಿರಲಿಲ್ಲ.

“ತಡೀರಿ, ಪೂರ್ತಿ ಕೇಳಿ. ಆವತ್ತು ನಾನು ಮರೆತು ಬಿಟ್ಟಿದ್ದಲ್ಲ. ನೀವು ತಲೆ ಎತ್ತಿ ಕಸುಬು ಹೇಳಿದ್ದು ಕಂಡು ಹೊಟ್ಟೆ ಉರೀತು. ನಂಗೆ ಸಿಗದೇ ಇದ್ದಿದ್ದು ನಿಮಗೆ ಯಾಕೆ ಸಿಗಬೇಕು ಅಂತ ಬೇಕೂಂತಲೇ ಗೆರೆ ಎಳೆದೆ.”

ಹೆಂಡತಿಯ ಅಳು ನಿಂತಿತು. ಅವಳ ಬೆರಳು ಒಂದೊಂದಾಗಿ ನನ್ನ ಕೈ ಬಿಟ್ಟವು. ಮೇಸ್ತ್ರಿ ತಮ್ಮ ಕಾಗದಗಳನ್ನು ನನ್ನ ಕೈಯಿಂದ ಮೆಲ್ಲಗೆ ತೆಗೆದುಕೊಂಡು, ಮಡಿಸಿ, ಅಂಗಿಯ ಜೇಬಿಗೆ ಹಾಕಿಕೊಂಡರು.

“ಬಸ್ಸಿಗೆ ಹೊತ್ತಾಯ್ತು” ಎಂದರು ಹೆಂಡತಿಗೆ. ಆಮೇಲೆ ನನ್ನ ಕಡೆ ತಿರುಗಿ, ತಲೆ ಬಾಗಿಸಿ, ಬಹಳ ಮರ್ಯಾದೆಯಿಂದ ಹೇಳಿದರು:

“ಬರ್ತೀವಿ ಮೇಡಂ.”