ಅಪ್ಪನ ಮಾತು ಹೊತ್ತು ಕುಣಿಗಲ್‌ಗೆ

ತುಮಕೂರು ಸ್ಟೇಷನ್ನಿನಲ್ಲಿ ಬೆಳಗಿನ ಪ್ಯಾಸೆಂಜರ್ ಗಾಡಿ ಹತ್ತಿದೆ. ಎಂಬತ್ತರ ದಶಕದ ಆರಂಭ, ಡಿಸೆಂಬರ್ ತಿಂಗಳು. ಕಿಟಕಿ ಮುಚ್ಚಿದ್ದರೂ ಬೆರಳುಗಳು ಮರಗಟ್ಟಿದ್ದವು. ಶೆಟ್ಟಿಹಳ್ಳಿಯ ಮನೆಯಿಂದ ಹೊರಡುವಾಗ ಅಪ್ಪ ಬಾಗಿಲವರೆಗೂ ಬಂದು ಹೇಳಿದ್ದರು: "ಕ್ರಿಸ್‌ಮಸ್‌ಗೆ ಬರ್ಲಿ. ಒಬ್ನೇ ಬರ್ಲಿ. ಮದ್ವೆಗೆ ಒಪ್ಕೊಂಡ್ರೆ ಹಿಂದಿಂದೆಲ್ಲ ಮರೀತೀನಿ ಅಂತ ಹೇಳು."

ಅಪ್ಪ ನಮ್ಮ ಚರ್ಚಿನ ಸಭೆಯ ಹಿರಿಯರು. ನಾನು ಪ್ರೈಮರಿ ಸ್ಕೂಲ್ ಟೀಚರು, ಮದುವೆಯಾಗಿಲ್ಲ. ತಮ್ಮ ಜಯಶೀಲ ಮನೆ ಬಿಟ್ಟು ಮೂರು ವರ್ಷವಾಗಿತ್ತು. ಗುಬ್ಬಿಯ ರುದ್ರೇಶ ಎಂಬ ಟೈಲರನ್ನು ಅವನು ಪ್ರೀತಿಸುತ್ತಿದ್ದ. ಅದು ಅಪ್ಪನಿಗೆ ತಿಳಿದದ್ದು ನನ್ನಿಂದ. ಒಗೆಯಲು ತೆಗೆದ ತಮ್ಮನ ಪ್ಯಾಂಟಿನ ಜೇಬಿನಲ್ಲಿ ರುದ್ರೇಶ ಬರೆದ ಕಾಗದ ಸಿಕ್ಕಿತು. ಓದಿದೆ. ತಮ್ಮನನ್ನು ಪಾಪದಿಂದ ಉಳಿಸುತ್ತಿದ್ದೇನೆಂದು ನಂಬಿ ಅದನ್ನು ಅಪ್ಪನ ಕೈಗೆ ಕೊಟ್ಟೆ. ಅವತ್ತು ಸಂಜೆಯೇ ಅಪ್ಪ ಅವನನ್ನು ಮನೆಯಿಂದ ಕಳಿಸಿದರು.

ಇಬ್ಬರೂ ಕುಣಿಗಲ್‌ನಲ್ಲಿದ್ದಾರೆಂದು ಮಾತ್ರ ಕೇಳಿದ್ದೆವು. ವಿಳಾಸಕ್ಕಾಗಿ ಗುಬ್ಬಿಯಲ್ಲಿ ಇಳಿದು ರುದ್ರೇಶನ ಮನೆ ಹುಡುಕಿದೆ. ಹಣೆಗೆ ವಿಭೂತಿಯಿಟ್ಟಿದ್ದ ಅವನ ತಾಯಿ, ನಾನು ಯಾರೆಂದು ಹೇಳಿದ ಕೂಡಲೇ ಒಳಗೆ ಕರೆದು ಉಪ್ಪಿಟ್ಟು ಕೊಟ್ಟರು.

"ನಿನ್ ತಮ್ಮ ಚೆನ್ನಾಗವ್ನೆ ಕಣವ್ವ. ನಾನು ಆಗಾಗ ಹೋಗಿ ನೋಡ್ಕಂಡು ಬತ್ತೀನಿ."

"ನಿಮಗೆ ಬೇಜಾರಾಗ್ಲಿಲ್ವಾ?"

"ಆಯ್ತು. ಒಂದೊರ್ಸ ಮಾತೇ ಆಡ್ಲಿಲ್ಲ. ಆಮ್ಯಾಕೆ ತಡ್ಕಳಕ್ಕಾಗ್ಲಿಲ್ಲ, ಹೋದೆ. ನಮ್ಮ ಯಜಮಾನ್ರು ಇವತ್ತಿಗೂ ಹೋಗಿಲ್ಲ ಬುಡು."

ಅವರಿಂದ ವಿಳಾಸ ಕೇಳಿಕೊಂಡು ಹೊರಟೆ. ಸಿ.ಎಸ್. ಪುರದ ಮೇಲೆ ಕುಣಿಗಲ್‌ಗೆ ಹೋಗುವ ಖಾಸಗಿ ಬಸ್ಸು ಸಿಕ್ಕಿತು. ದಾರಿಯುದ್ದಕ್ಕೂ ಧೂಳು. ಪಕ್ಕದ ಹೆಂಗಸು ಎಲ್ಲಿಗೆಂದು ಕೇಳಿದಳು. ತಮ್ಮನ ಮನೆಗೆ ಅಂದೆ. "ಎಷ್ಟ್ ಮಕ್ಕಳು ಅವರ್ಗೆ?" ಅಂದಳು. ನಾನು ಕಿಟಕಿಯ ಕಡೆ ತಿರುಗಿ ಕುಳಿತೆ.

ಕುಣಿಗಲ್ ಮುಟ್ಟಿದಾಗ ಮಧ್ಯಾಹ್ನ ಒಂದೂವರೆ. ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಅವರ ಅಂಗಡಿ, ಎರಡು ಹೊಲಿಗೆ ಮೆಷಿನ್ನು, ಹಿಂದೆಯೇ ಮನೆ. ಜಯಶೀಲ ತೆಳ್ಳಗಾಗಿದ್ದ. ನನ್ನನ್ನು ನೋಡಿ ಎದ್ದು ನಿಂತ. ರುದ್ರೇಶ "ಬನ್ನಿ ಅಕ್ಕಾ" ಎಂದವನೇ ಅಡುಗೆಮನೆಗೆ ಹೋಗಿಬಿಟ್ಟ.

"ಅಪ್ಪ ಕಳ್ಸಿದ್ರಾ?"

"ಹೂಂ. ಕ್ರಿಸ್‌ಮಸ್‌ಗೆ ಬಾ ಅಂದ್ರು."

"ಒಬ್ನೇ? ಮದ್ವೆಗೆ ಒಪ್ಕೊಂಡು?"

ತಲೆಯಾಡಿಸಿದೆ. ಅವನು ಮೆಷಿನ್ನಿನ ಮೇಲಿನ ಬಟ್ಟೆಯನ್ನು ಮಡಿಸಿ ಪಕ್ಕಕ್ಕಿಟ್ಟ. "ಬರಲ್ಲ ಅಕ್ಕ. ನಾನೇನು ದೇವರನ್ನ ಬಿಟ್ಟಿಲ್ಲ. ದಿನಾ ಪ್ರಾರ್ಥನೆ ಮಾಡ್ತೀನಿ. ಆದ್ರೆ ಒಂದು ಹುಡುಗಿಗೆ ಮೋಸ ಮಾಡಿ ಅಪ್ಪನ ಜೊತೆ ಸಮಾಧಾನ ಆಗೋದು ಬೇಡ."

ಅಪ್ಪನ ಮಾತು ಮುಗಿದಿತ್ತು. ಉಳಿದದ್ದು ನನ್ನದು. "ಆ ಕಾಗದ ಅಪ್ಪಂಗೆ ಕೊಟ್ಟಿದ್ದು ನಾನು ಕಣೋ. ತಪ್ಪಾಯ್ತು."

"ಗೊತ್ತು. ಅಪ್ಪ ಯಾವತ್ತು ನನ್ ಬಟ್ಟೆ ಒಗ್ದಿದ್ರು?" ಎಂದು ನಕ್ಕ. ನಗು ಉಳಿಯಲಿಲ್ಲ, ಕಣ್ಣು ತುಂಬಿ ಬಂತು. "ನೀನು ಬಂದು ಹೇಳ್ತೀಯ ಅಂತ ಕಾದೆ ಅಕ್ಕ. ಮೂರು ವರ್ಷ ಹಿಡೀತು ನಿಂಗೆ."

ಅವನೇ ಕೈ ತೊಳೆಯಲು ನೀರು ಕೊಟ್ಟ. ಮುದ್ದೆ, ಅವರೆಕಾಳಿನ ಸಾರು. ಜಯಶೀಲ ಕಣ್ಣು ಮುಚ್ಚಿ ಪ್ರಾರ್ಥಿಸುವಾಗ ರುದ್ರೇಶ ಸೌಟು ಹಿಡಿದು ಸುಮ್ಮನೆ ನಿಂತಿದ್ದ. ಮುಗಿದ ಮೇಲೆ ನನಗೇ ಮೊದಲು ಬಡಿಸಿದ.

ನಾಲ್ಕರ ಬಸ್ಸಿಗೆ ಇಬ್ಬರೂ ಬಂದು ಹತ್ತಿಸಿದರು. ಹೆಬ್ಬೂರಿನವರೆಗೂ ಅತ್ತೆ. ಪಕ್ಕದ ಸೀಟು ಖಾಲಿಯಿತ್ತು.

ಮನೆ ಸೇರಿದಾಗ ಅಪ್ಪ ಸಂಜೆಯ ಪ್ರಾರ್ಥನೆಗೆ ಕಾದಿದ್ದರು. "ಒಪ್ಪಿದ್ನಾ?"

"ಇಲ್ಲ ಅಪ್ಪ. ನಾನು ಅವನ ಕ್ಷಮೆ ಕೇಳ್ಕೊಂಡು ಬಂದೆ. ಕ್ರಿಸ್‌ಮಸ್ ದಿನ ಅಲ್ಲಿಗೆ ಹೋಗ್ತೀನಿ."

ಅವರು ಮೊಣಕಾಲೂರಿದರು, ನಾನೂ ಪಕ್ಕದಲ್ಲಿ ಮೊಣಕಾಲೂರಿದೆ. ಸಭೆಯ ಕಾಯಿಲೆಯವರು, ವಿಧವೆಯರು, ಊರಿಗೆ ಹೋದವರು, ಒಬ್ಬೊಬ್ಬರ ಹೆಸರನ್ನೂ ಹೇಳಿದರು. ಮಗನ ಹೆಸರು ಬರಲಿಲ್ಲ. ಅವರು ನಿಲ್ಲಿಸಿದಾಗ ನಾನು ಗಟ್ಟಿಯಾಗಿ ಹೇಳಿದೆ: "ಜಯಶೀಲ. ರುದ್ರೇಶ."

ಅಪ್ಪ ಆಮೆನ್ ಅನ್ನಲಿಲ್ಲ. ಎದ್ದೂ ಹೋಗಲಿಲ್ಲ. ಬಹಳ ಹೊತ್ತು ನಾವಿಬ್ಬರೂ ಹಾಗೆಯೇ ಮೊಣಕಾಲೂರಿ ಇದ್ದೆವು.